ಜರಡಿಯ ಮೇಲೆ ಉಳಿದದ್ದು

ಮಾರ್ಚ್ 3, ಸೋಮವಾರ

ಐವತ್ತೊಂಬತ್ತನೇ ವಯಸ್ಸಿನಲ್ಲಿ ದಿನಚರಿ ಬರೆಯಲು ಕೂತಿದ್ದೇನೆ. ಅದೂ ಯಾವ ಘನಕಾರ್ಯದ ಬಗ್ಗೆ? ದಿನಾ ಹೊಟ್ಟೆ ಖಾಲಿಯಾಯಿತೋ ಇಲ್ಲವೋ ಎಂಬುದರ ಬಗ್ಗೆ.

ಡಾಕ್ಟರಮ್ಮನ ಅಪ್ಪಣೆ ಇದು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅವರೇ ಮನೆ ಗೆರೆ ಹಾಕಿಕೊಟ್ಟಿದ್ದಾರೆ. ಏನು ತಿಂದೆ, ಎಷ್ಟು ಲೋಟ ನೀರು ಕುಡಿದೆ, ಎಷ್ಟು ಹೊತ್ತಿಗೆ ಹೋದೆ. "ಹಿಂದಿನ ಹಾಳೆ ನನಗೆ ತೋರಿಸಿ, ಮುಂದಿನ ಹಾಳೆಗಳಲ್ಲಿ ನಿಮಗೆ ತೋಚಿದ್ದು ಬರ್ಕೊಳಿ, ಯಾರೂ ನೋಡಲ್ಲ" ಅಂದರು. ಮೊಮ್ಮಗಳ ವಯಸ್ಸಿನ ಹುಡುಗಿ ಅಲ್ಲ, ಮಗಳ ವಯಸ್ಸಿರಬಹುದು. ಆದರೂ ಅವರೆದುರು ಈ ವಿಷಯ ಮಾತಾಡುವುದು ನನಗೆ ಕಬ್ಬಿಣದ ಕಡಲೆಯಾಗಿತ್ತು.

"ಎಷ್ಟು ದಿನಕ್ಕೊಂದ್ಸಲ ಆಗುತ್ತೆ?"

"ಮೂರು ದಿನಕ್ಕೆ. ಕೆಲವು ಸಲ ನಾಲ್ಕು. ಮುಂಚೆ ಎರಡು ದಿನಕ್ಕೊಂದ್ಸಲ ಆಗ್ತಿತ್ತು" ಎಂದೆ, ಹಳೆಯ ವೈಭವ ನೆನೆಯುವವನ ಹಾಗೆ.

"ಹೋಗಬೇಕು ಅನಿಸೋದು ಯಾವಾಗ?"

"ಮುಂಚೆಲ್ಲ ಬೆಳಗ್ಗೆ ಆರೂ ಹತ್ತಕ್ಕೆ. ಈಚೆಗೆ ಅನಿಸೋದೇ ಇಲ್ಲ."

"ಆರೂ ಹತ್ತು ಅಂತ ಅಷ್ಟು ಸರಿಯಾಗಿ ಹೇಗೆ ಗೊತ್ತು?"

"ಮೊದಲನೇ ಸುತ್ತಿನ ಬ್ರೆಡ್ ಭಟ್ಟಿಗೆ ಹಾಕೋ ಹೊತ್ತದು. ಭಟ್ಟಿ ಬಾಗಿಲು ತೆಗೆದಿಟ್ಟು ಹೋಗೋಕಾಗುತ್ತಾ ಮೇಡಂ? ತಡ್ಕೋತಿದ್ದೆ. ಆಮೇಲೆ ಅದೂ ಸುಮ್ಮನಾಗ್ತಿತ್ತು."

"ಎಷ್ಟು ವರ್ಷದಿಂದ ತಡ್ಕೊಂಡಿದ್ದೀರಿ?"

"ಮೂವತ್ತೊಂದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಬ್ರೆಡ್ ಹಾಕೋಕೆ ಬೇರೆ ಯಾರೂ ಇಲ್ವಾ?"

"ಬೇರೆ ಯಾರೂ ಇಲ್ಲ" ಎಂದೆ.

ಅವರು ನನ್ನ ಪಕ್ಕದಲ್ಲಿ ಕೂತಿದ್ದ ಮಗಳ ಕಡೆ ನೋಡಿದರು. ಮಗಳು ಗೋಡೆಗೆ ಅಂಟಿಸಿದ್ದ ದೊಡ್ಡ ಕರುಳಿನ ಚಿತ್ರ ನೋಡುತ್ತಿದ್ದಳು. ಅದರಲ್ಲಿ ನೋಡುವಂಥದ್ದು ಏನಿತ್ತೋ.

ವಿಷಯ ಇಷ್ಟು. ಪೈಲ್ಸ್ ಬಲಿತಿದೆ. ಆರು ವಾರ ನಾರಿನಂಶ ಹೆಚ್ಚಿರುವ ಊಟ, ನೀರು, ನಡಿಗೆ. ಅಷ್ಟರಲ್ಲಿ ಹತೋಟಿಗೆ ಬಂದರೆ ಸರಿ, ಬಾರದಿದ್ದರೆ ಆಪರೇಷನ್. ಆಪರೇಷನ್ ಆದರೆ ಮೂರು ವಾರ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ಬೆಂಕಿಯ ಮುಂದೆ ನಿಲ್ಲುವಂತಿಲ್ಲ. ಅಂದರೆ ಭಟ್ಟಿ ಆರುತ್ತದೆ. ಇಟ್ಟಿಗೆ ಕಟ್ಟಿ ಗೂಡಿನಂತೆ ಮುಚ್ಚಿದ ಸೌದೆಯ ಭಟ್ಟಿ ನಮ್ಮದು. ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡದು. ರಜೆಯ ದಿನವೂ ಎರಡು ಕೊರಡು ಹಾಕಿ ಅದರ ಮೈ ಬೆಚ್ಚಗಿಟ್ಟಿದ್ದೇನೆ. ಪೂರ್ತಿ ತಣ್ಣಗಾದರೆ ಒಳಗಿನ ಇಟ್ಟಿಗೆ ಬಿರುಕು ಬಿಡುತ್ತದೆ ಎಂದು ಕಟ್ಟಿಕೊಟ್ಟ ಮೇಸ್ತ್ರಿ ಆಗಲೇ ಹೇಳಿದ್ದ. ಅದರ ಗುಣ, ಸಿಟ್ಟು ಎಲ್ಲ ಬಲ್ಲವನು ನಾನೊಬ್ಬನೇ. ಮಗಳು ಎಂಟು ವರ್ಷದಿಂದ ಜೊತೆಗಿದ್ದಾಳೆ, ನಿಜ. ಹಿಟ್ಟು ನಾದುತ್ತಾಳೆ, ಉಂಡೆ ಕಟ್ಟುತ್ತಾಳೆ. ಅದು ಬೇರೆ, ಭಟ್ಟಿ ಬೇರೆ.

ಆಪರೇಷನ್ ಆಗಬಾರದು. ಅಷ್ಟೇ.

ಮಾರ್ಚ್ 4, ಮಂಗಳವಾರ

ಬೆಳಗ್ಗೆ ಬಿಳಿ ಬ್ರೆಡ್ ನಾಲ್ಕು ಚೂರು, ಟೀ. ಮಧ್ಯಾಹ್ನ ಬ್ರೆಡ್, ಆಲೂಗಡ್ಡೆ. ಸಂಜೆ ಬನ್ನು. ಎಲ್ಲ ನಿಂತುಕೊಂಡೇ ತಿಂದದ್ದು. ನೀರು ಎರಡು ಲೋಟ.

ಆಗಿಲ್ಲ.

ಮಾರ್ಚ್ 6, ಗುರುವಾರ

ನಮ್ಮವಳ ಕೈಗೆ ಡಾಕ್ಟರಮ್ಮ ಕೊಟ್ಟ ಪಟ್ಟಿ ಸಿಕ್ಕಿದೆ. ಕೋತಿಗೆ ಹೆಂಡ ಕುಡಿಸಿದ ಹಾಗಾಗಿದೆ ಎಂದು ಬರೆಯುತ್ತಿದ್ದೆ, ಬೇಡ, ನೋಟ್‌ಬುಕ್ ಎಲ್ಲಿಡುತ್ತೇನೆಂದು ಅವಳಿಗೆ ಗೊತ್ತು.

ಮಧ್ಯಾಹ್ನ ಊಟದ ಮೇಜಿನ ಮುಂದೆ ನಿಂತು ವಾರ್ತೆ ಓದುವವರ ಹಾಗೆ ಓದಿದಳು. "ಸಿಪ್ಪೆ ಸಮೇತ ಸೇಬು. ಬೀನ್ಸು. ಕ್ಯಾರೆಟ್. ನೆನೆಸಿದ ಕಾಳು. ಸೊಪ್ಪು. ಓಟ್ಸ್." ಅಲ್ಲಿ ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡಳು. "ಗೋಧಿ ಬೂಸಾ."

"ಏನು?"

"ಬೂಸಾ ಕಣ್ರೀ. ನಾರಿನಂಶ ಎಲ್ಲಕ್ಕಿಂತ ಜಾಸ್ತಿ ಇರೋದು ಅದರಲ್ಲೇ ಅಂತೆ. ಗೆರೆ ಬೇರೆ ಎಳೆದಿದ್ದಾರೆ ಕೆಳಗೆ."

ಸರಿಯಾಗಿ ಅದೇ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಹಾಲಿನವನು ನಮ್ಮ ಬೂಸಾ ಚೀಲವನ್ನು ಸೈಕಲ್ಲಿಗೆ ಕಟ್ಟುತ್ತಿದ್ದ. ಮಗಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗಿಲ್ಲದ್ದಕ್ಕೆ ಬಾಯಿಗೆ ಏಪ್ರನ್ ಒತ್ತಿಕೊಂಡು ಒಳಗೆ ಓಡಿದಳು.

ಇದನ್ನು ಬರೆದಿಡಲೇಬೇಕು. ಊರಿಗೆಲ್ಲ ನನ್ನ ಹೆಸರು ಮೂರು ಜರಡಿಯವನು. ಗಿರಣಿಯಿಂದ ಬಂದ ಗೋಧಿ ಹಿಟ್ಟನ್ನು ನಾನು ಮೂರು ಸಲ ಜರಡಿ ಹಿಡಿಯುತ್ತೇನೆ. ಮೊದಲು ತೂತಿನ ತಗಡು, ಆಮೇಲೆ ತಂತಿ, ಕೊನೆಗೆ ಬಟ್ಟೆ. ಬಟ್ಟೆಯಿಂದ ಇಳಿದ ಹಿಟ್ಟು ಮುಟ್ಟಿದರೆ ಕೈಗೆ ಮುಟ್ಟಿದ್ದೇ ಗೊತ್ತಾಗಬಾರದು. ನಮ್ಮ ಬ್ರೆಡ್ಡಿನಷ್ಟು ಬಿಳಿ ಬ್ರೆಡ್ ಎಲ್ಲೂ ಇಲ್ಲ. ಜರಡಿಯ ಮೇಲೆ ಉಳಿದದ್ದೆಲ್ಲ ಹಾಲಿನವನ ಹಸುಗಳಿಗೆ. ಮೂವತ್ತೊಂದು ವರ್ಷ ಔಷಧಿಯನ್ನು ಹಸುಗಳಿಗೆ ಕೊಟ್ಟು ರೋಗವನ್ನು ನಾನಿಟ್ಟುಕೊಂಡಿದ್ದೆನಂತೆ! ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ.

ಆದರೂ ನಾನು ಬೂಸಾ ತಿನ್ನುವುದೇ? ಸಾಧ್ಯವಿಲ್ಲ. ಆಗಿಲ್ಲ.

ಮಾರ್ಚ್ 8, ಶನಿವಾರ

ತಿಂದೆ. ಯಾರಿಗೂ ಹೇಳಿಲ್ಲ.

ಉಗ್ರಾಣದಲ್ಲಿ ಚೀಲಗಳ ಹಿಂದೆ ನಿಂತು ಮೂರು ಹಿಡಿ ಬೂಸಾ ಬಾಯಿಗೆ ಹಾಕಿಕೊಂಡು ಅರ್ಧ ಲೋಟ ಟೀಯಲ್ಲಿ ಇಳಿಸಿದೆ. ಗೋಣಿಚೀಲ ತಿಂದರೂ ಹೀಗೇ ಇರುತ್ತದೆಂದು ಕಾಣುತ್ತದೆ. ಡಾಕ್ಟರಮ್ಮನ ಪಟ್ಟಿಯಲ್ಲಿ "ಸ್ವಲ್ಪ ಸ್ವಲ್ಪವಾಗಿ" ಎಂದೇನೋ ಇತ್ತು. ಆರು ವಾರದಲ್ಲಿ ಐದು ದಿನ ಆಗಲೇ ಹೋಯಿತು. ಸ್ವಲ್ಪ ಸ್ವಲ್ಪಕ್ಕೆ ಪುರಸೊತ್ತು ಯಾರಿಗಿದೆ? ಮಾಡಿದರೆ ಗಟ್ಟಿಯಾಗಿ ಮಾಡಬೇಕು.

ಸಂಜೆ ಮತ್ತೆ ಮೂರು ಹಿಡಿ. ನಾಳೆ ನಾಲ್ಕು.

ಮಾರ್ಚ್ 10, ಸೋಮವಾರ

ಹೊಟ್ಟೆ ನಗಾರಿ. ತಟ್ಟಿದರೆ ಸದ್ದು ಬರುತ್ತಿದೆ. ಬರೆಯಲು ಬಗ್ಗಲಾಗುತ್ತಿಲ್ಲ.

ಮಾರ್ಚ್ 11, ಮಂಗಳವಾರ

ಸಿಕ್ಕಿಬಿದ್ದೆ.

ಬೆಳಗ್ಗೆ ಹಿಟ್ಟಿನ ಮೇಜಿಗೆ ಒರಗಿ ನಿಂತಿದ್ದೆ. ಉಸಿರಾಡಲೂ ಕಷ್ಟ. ಮಗಳು ಹತ್ತಿರ ಬಂದು ನೋಡಿದಳು.

"ಅಪ್ಪ, ಮೀಸೆ ಮೇಲೇನದು?"

"ಹಿಟ್ಟು."

"ಹಿಟ್ಟು ಬಿಳಿ ಇರುತ್ತೆ. ಇದು ಕಂದು."

ಅವಳಿಗೆ ಅವಳ ಅಮ್ಮನ ಕಣ್ಣು. ಎಲ್ಲ ಹೇಳಬೇಕಾಯಿತು. ಬೈಯುತ್ತಾಳೆ ಎಂದುಕೊಂಡರೆ ಅವಳು ಒಂದು ಬಟ್ಟಲಿಗೆ ಒಂದು ಹಿಡಿ ಬೂಸಾ ಹಾಕಿ, ಒಂದು ಲೋಟ ನೀರು ಸುರಿದು ನನ್ನ ಮುಂದಿಟ್ಟಳು. ಉಂಡೆ ಕಟ್ಟುವುದಕ್ಕೆ ಹೋದಳು. ನಾಲ್ಕು ಉಂಡೆ ಕಟ್ಟುವಷ್ಟರಲ್ಲಿ ಬಟ್ಟಲಲ್ಲಿ ನೀರೇ ಇರಲಿಲ್ಲ. ಬೂಸಾ ಉಬ್ಬಿ ಅಂಚಿನ ತನಕ ಬಂದಿತ್ತು.

"ಬೂಸಾ ಸೇರಿದ ಹಿಟ್ಟು ಕಲಸುವಾಗ ನೀರು ಎಷ್ಟು ಬೇಕಪ್ಪ?"

ಇದು ನನ್ನ ಕಸುಬು. ನೆಟ್ಟಗೆ ನಿಂತು ಹೇಳಿದೆ. "ಬಿಳಿ ಹಿಟ್ಟಿಗಿಂತ ತುಂಬಾ ಜಾಸ್ತಿ ಬೇಕು. ಬೂಸಾ ನೀರು ಕುಡಿಯುತ್ತೆ. ಕಮ್ಮಿ ಹಾಕಿದ್ರೆ ಬ್ರೆಡ್ ಇಟ್ಟಿಗೆ ಆಗುತ್ತೆ, ಅಷ್ಟೂ ಗೊತ್ತಿಲ್ವಾ ನಿಂಗೆ?"

"ನಂಗೆ ಗೊತ್ತು. ನೀನು ನಿನ್ನ ಹೊಟ್ಟೆಗೆ ಎಷ್ಟು ನೀರು ಹಾಕಿದೆ?"

ನಾನು ಲೆಕ್ಕ ಹಾಕಿದೆ. "ಅರ್ಧ ಲೋಟ ಟೀ."

ಅವಳು ನಗುತ್ತಾ ನಗುತ್ತಾ ಹಿಟ್ಟಿನ ಚೀಲದ ಮೇಲೆ ಕೂತುಬಿಟ್ಟಳು. ಅಪ್ಪನ ಸಂಕಟಕ್ಕೆ ನಗುವ ಮಗಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನೂ ನಕ್ಕೆ, ನಕ್ಕರೆ ಹೊಟ್ಟೆ ನೋಯುತ್ತಿತ್ತು, ನೋಯುತ್ತಿದೆ ಎಂದರೆ ಅವಳು ಇನ್ನೂ ನಗುತ್ತಿದ್ದಳು. ಹಾಲಿನವನು ಏನು ಗಲಾಟೆ ಎಂದು ಬಗ್ಗಿ ನೋಡಿದ. ವಿಷಯ ತಿಳಿದು ಬಹಳ ಗಂಭೀರವಾಗಿ ಹೇಳಿದ.

"ಅಣ್ಣ, ಬೂಸಾ ಕೊಟ್ಟ ಮೇಲೆ ನಮ್ಮ ಹಸುಗಳ ಮುಂದೆ ಒಂದು ಬಾನಿ ನೀರು ಇಡ್ತೀನಿ. ಇಡದೇ ಇದ್ರೆ ಅವೇ ಕೂಗಿ ಕೇಳ್ತವೆ."

ಹಸುವಿಗಿರುವ ಬುದ್ಧಿ ನನಗಿಲ್ಲ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಒಳ್ಳೆಯವನು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆವು. ಎರಡು ದಿನ ಬೂಸಾ ಮುಟ್ಟಬಾರದು, ನೀರು ಕುಡಿಯುತ್ತಿರಬೇಕು, ನೋವು ಹೆಚ್ಚಾದರೆ ತಕ್ಷಣ ಬರಬೇಕು. ಆಮೇಲೆ ದಿನಕ್ಕೆ ಒಂದೇ ಒಂದು ಚಮಚ, ವಾರಕ್ಕೊಂದು ಚಮಚ ಏರಿಸುತ್ತಾ ಹೋಗಬೇಕು. ದಿನಕ್ಕೆ ಎಂಟು ಲೋಟ ನೀರು. ಅತಿಯಾದರೆ ಅಮೃತವೂ ವಿಷ ಎಂದು ನಮ್ಮವಳು ಹಿಂದಿನಿಂದ ಸೇರಿಸಿದಳು. ಅದು ಡಾಕ್ಟರಮ್ಮ ಹೇಳಿದ್ದಲ್ಲ.

ಮಾರ್ಚ್ 15, ಶನಿವಾರ

ಒಂದು ಚಮಚ ಬೂಸಾ, ಗಂಜಿಯಲ್ಲಿ ಕಲಸಿ. ನೀರು ಏಳು ಲೋಟ. ಬೀನ್ಸು. ಸಿಪ್ಪೆ ಸಮೇತ ಸೇಬು. ಸೇಬಿನ ಸಿಪ್ಪೆ ತೆಗೆದು ತಿನ್ನುವುದು ದೊಡ್ಡಸ್ತಿಕೆ ಎಂದು ನನಗೆ ಯಾರು ಹೇಳಿದ್ದರೋ.

ನಡೆಯಲು ಹೋಗಬೇಕಲ್ಲ, ನಮ್ಮವಳೂ ಜೊತೆಗೆ ಬಂದಳು. ನದಿಯ ಸೇತುವೆಯ ತನಕ ಹೋಗಿ ಬಂದೆವು. ಅವಳ ನಡಿಗೆ ನನಗಿಂತ ಚುರುಕು. "ಯಾವಾಗ ಕಲಿತೆ ಇಷ್ಟು ಬೇಗ ನಡೆಯೋದು?" ಎಂದರೆ "ನೀವು ಭಟ್ಟಿ ಮುಂದೆ ನಿಂತಿದ್ದಾಗ" ಎಂದಳು. ಸೇತುವೆಯ ಮೇಲೆ ಬಾತುಕೋಳಿಗಳಿಗೆ ಬ್ರೆಡ್ ಹಾಕುವವರಿದ್ದರು, ನಮ್ಮದೇ ಬಿಳಿ ಬ್ರೆಡ್. ಪಾಪ ಬಾತುಕೋಳಿಗಳು ಎಂದು ಮೊದಲ ಬಾರಿ ಅನಿಸಿತು.

ಮಾರ್ಚ್ 18, ಮಂಗಳವಾರ

ಆಯಿತು!

ತಿಣುಕಲಿಲ್ಲ, ಉರಿಯಲಿಲ್ಲ. ಬೆಳಗ್ಗೆ ಹತ್ತು ಗಂಟೆಗೆ, ಬ್ರೆಡ್ಡೆಲ್ಲ ಅಂಗಡಿಗೆ ಹೋದ ಮೇಲೆ. ಕಮೋಡಿನಲ್ಲಿ ಕಾಲಿನ ಕೆಳಗೆ ಏನಾದರೂ ಇಟ್ಟು ಮಂಡಿ ಎತ್ತರಿಸಿ ಕೂರಲು ಡಾಕ್ಟರಮ್ಮ ಹೇಳಿದ್ದರು, ಬನ್ನಿನ ತಟ್ಟೆ ಬೋರಲು ಹಾಕಿ ಹಾಗೇ ಕೂತೆ. ತಟ್ಟೆ ಹಳೆಯದು, ಇನ್ನು ಭಟ್ಟಿಗೆ ಹಾಕುವುದಿಲ್ಲ, ಅದನ್ನು ಇಲ್ಲಿ ಬರೆದಿಡುತ್ತೇನೆ.

ಹೊರಗೆ ಬಂದು "ಏ, ಆಯ್ತು ಕಣೇ!" ಎಂದು ಕೂಗಿದೆ. ನಮ್ಮವಳು ಮಹಡಿಯಿಂದ ಚಪ್ಪಾಳೆ ತಟ್ಟಿದಳು. ಹಾಲಿನವನು ಮನೆಯಲ್ಲಿ ಮಗು ಹುಟ್ಟಿದಷ್ಟು ಸಂಭ್ರಮದಿಂದ ನನ್ನ ಕೈ ಕುಲುಕಿದ, ಆಮೇಲೆ ಏನೋ ನೆನಪಾಗಿ "ಕೈ ತೊಳ್ದಿದ್ದೀರಾ ಅಣ್ಣ?" ಎಂದ. ಬ್ರೆಡ್ ಮಾಡುವವನನ್ನು ಕೇಳುವ ಮಾತೇ ಅದು!

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಈ ಮಾತನ್ನು ಇಷ್ಟು ನಿಜವಾಗಿ ನಾನು ಯಾವತ್ತೂ ಬಳಸಿರಲಿಲ್ಲ.

ಮಾರ್ಚ್ 22, ಶನಿವಾರ

ಮಗಳು ಒಂದು ಪ್ರಸ್ತಾಪ ತಂದಳು. ಬೂಸಾ ಹಾಕಿದ ಬ್ರೆಡ್ ಮಾಡುತ್ತಾಳಂತೆ. ನಾನು ಆಗುವುದಿಲ್ಲ ಎಂದೆ. ಈ ಭಟ್ಟಿಯಲ್ಲಿ ಕಂದು ಬ್ರೆಡ್ ಬೆಂದದ್ದಿಲ್ಲ. ಮೂರು ಜರಡಿಯವನ ಅಂಗಡಿಯಲ್ಲಿ ಜರಡಿಯ ಮೇಲಿನದ್ದನ್ನು ಮಾರುವುದೆಂದರೆ ಜನ ಏನಂದಾರು?

"ಮಾರೋಕಲ್ಲಪ್ಪ, ನಿನಗೆ. ದಿನಾ ಗಂಜಿಯಲ್ಲಿ ಬೂಸಾ ಕಲಸಿಕೊಂಡು ಮುಖ ಹುಳ್ಳಗೆ ಮಾಡ್ಕೋತೀಯಲ್ಲ, ನೋಡೋಕಾಗಲ್ಲ ನಂಗೆ."

ಕೊನೆಗೆ, ನನ್ನ ಬ್ರೆಡ್ಡೆಲ್ಲ ತೆಗೆದ ಮೇಲೆ, ಭಟ್ಟಿಯ ಬಿಸಿ ಇಳಿಯುತ್ತಿರುವಾಗ, ಬಾಗಿಲ ಹತ್ತಿರದ ಮೂಲೆಯಲ್ಲಿ ನಾಲ್ಕೇ ನಾಲ್ಕು ಎಂದು ಒಪ್ಪಿದೆ. ಬೂಸಾವನ್ನು ಹಿಂದಿನ ಸಂಜೆಯೇ ನೀರಲ್ಲಿ ನೆನೆಸಿಟ್ಟಿದ್ದಳು. ನಾನು ಹೇಳಿಕೊಡಲಿಲ್ಲ. ಒಂದಿಷ್ಟು ಅಗಸೆ ಬೀಜವನ್ನೂ ಸೇರಿಸಿದ್ದಳು. ಇಳಿಬಿಸಿಯಲ್ಲಿ ಹೊರಗೆ ಗಟ್ಟಿ, ಒಳಗೆ ಹಸಿ ಆಗುತ್ತದೆಂದು ನಾನು ಕಾದು ಕೂತಿದ್ದೆ. ಆಗಲಿಲ್ಲ. ಭಟ್ಟಿಯ ಬಾಗಿಲಿಗೆ ಒದ್ದೆ ಗೋಣಿ ಹಾಕಿ ಆವಿ ಉಳಿಸಿಕೊಂಡಿದ್ದಳು.

"ಹೇಗಿದೆ?" ಎಂದಳು.

"ಬಣ್ಣ ಸರಿಯಿಲ್ಲ" ಎಂದೆ.

ಮೇಜಿಗೆ ಕೂತು ಮೂರೂ ಜನ ಒಂದಾದ ಮೇಲೊಂದು ಚೂರು ಮುಗಿಸಿದೆವು. ಅಗಿಯಬೇಕು, ಅವಸರ ನಡೆಯುವುದಿಲ್ಲ. ಅಗಿಯುತ್ತಾ ಮಾತು ಬರುತ್ತದೆ. ಮಗಳು ಚಿಕ್ಕವಳಿದ್ದಾಗ ಹಿಟ್ಟಿನಲ್ಲಿ ಬೆಕ್ಕು ಮಾಡಿ, ಅದು ಭಟ್ಟಿಯಲ್ಲಿ ಉಬ್ಬಿ ಹಂದಿಯಾಗಿ ಹೊರಬಂದದ್ದು, ಅವಳು ಅತ್ತು ಊಟ ಬಿಟ್ಟದ್ದು, ಎಲ್ಲ ನೆನಪಾಯಿತು. ನಾನೇ ಅದನ್ನು ಅವಳಿಗೆ ಹೇಳದೆ ತಿಂದುಬಿಟ್ಟಿದ್ದೆ. ಇವತ್ತು ಒಪ್ಪಿಕೊಂಡೆ. ಇಪ್ಪತ್ತಮೂರು ವರ್ಷದ ಮೇಲೆ ಅವಳು ನನ್ನ ಬೆನ್ನಿಗೆ ಗುದ್ದಿದಳು.

ನಾಲ್ಕನೇ ಚೂರು ತಿನ್ನುವಾಗ ಅವಳು ನೋಡಿಬಿಟ್ಟಳು. ನೀರು ಎಂಟು ಲೋಟ.

ಮಾರ್ಚ್ 27, ಗುರುವಾರ

ನಾಲ್ಕಿದ್ದ ಕಂದು ಬ್ರೆಡ್ ಹನ್ನೆರಡಾಗಿದೆ. ನಾನು ಒಪ್ಪಿದ್ದು ಯಾವಾಗ ಎಂದು ನೆನಪಿಲ್ಲ.

ರಿಟೈರಾದ ಟೀಚರಮ್ಮ ಬ್ರೆಡ್ ಕೊಳ್ಳಲು ಬಂದವರು ಮೇಜಿನ ಮೇಲಿದ್ದ ನನ್ನ ಕಂದು ಬ್ರೆಡ್ ನೋಡಿ "ಇದೇನು, ಕೊಡಿ ಒಂದು" ಎಂದರು. ಅದು ಮಾರುವುದಲ್ಲ, ಔಷಧಿ ಎಂದೆ. ಯಾವುದಕ್ಕೆ ಎಂದರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಹೆಂಗಸಿಗೆ ನಾನು ಏನೆಂದು ಹೇಳಲಿ? ತೊದಲಿದೆ. ಅವರು ದನಿ ತಗ್ಗಿಸಿ, "ನಂಗೂ ಅದೇ ತೊಂದರೆ. ಎರಡು ಕೊಡಿ" ಎಂದರು.

ಮರುದಿನ ಅವರ ತಂಗಿ. ಅದರ ಮರುದಿನ ಅಂಚೆಯಾತ. ಎಲ್ಲರೂ ದನಿ ತಗ್ಗಿಸಿಯೇ ಕೇಳುತ್ತಾರೆ. ಇಷ್ಟು ವರ್ಷ ಎಲ್ಲರೂ ನನ್ನ ಬ್ರೆಡ್ ಎಷ್ಟು ಬಿಳಿ ಎಂದು ಹೊಗಳಿ ಮನೆಗೆ ಹೋಗಿ ತಿಣುಕುತ್ತಿದ್ದರೆಂದು ಕಾಣುತ್ತದೆ.

ಹಾಲಿನವನು ಮಾತ್ರ ಬೇಸರದಲ್ಲಿದ್ದಾನೆ. "ಚೀಲ ಹಗುರ ಆಗ್ತಿದೆ ಅಣ್ಣ. ನಮ್ಮ ಕೆಂಚಿ ನನ್ನ ಮುಖ ಮುಖ ನೋಡ್ತಾಳೆ." ಕೆಂಚಿ ಅವನ ಹಸು. ಒಂದು ಕಂದು ಬ್ರೆಡ್ ಕೊಟ್ಟು ಕಳಿಸಿದೆ, ಅವನಿಗೋ ಕೆಂಚಿಗೋ ಅವನೇ ತೀರ್ಮಾನಿಸಲಿ.

ಈ ವಾರ ನಾಲ್ಕು ಸಲ ಆಗಿದೆ. ರಕ್ತ ಇಲ್ಲ.

ಏಪ್ರಿಲ್ 2, ಬುಧವಾರ

ಹಳೆಯ ನೆಂಟ ತಿರುಗಿ ಬಂದ. ಬೆಳಗ್ಗೆ ಆರೂ ಹತ್ತಕ್ಕೆ, ಸರಿಯಾಗಿ, ಹೊಟ್ಟೆಯೊಳಗಿಂದ ಕರೆ ಬಂತು. ಎಷ್ಟು ಕಾಲವಾಗಿತ್ತು! ಕೆಂಡ ಎಳೆದು, ಬೂದಿ ಗುಡಿಸಿ, ನೆಲ ಒರೆಸಿ, ಭಟ್ಟಿ ಸಿದ್ಧವಾಗಿತ್ತು. ಅರವತ್ತು ಬ್ರೆಡ್ ಹಲಗೆಯ ಮೇಲೆ ಉಬ್ಬಿ ಕೂತಿದ್ದವು.

ತಡೆದುಕೊಂಡೆ. ಹಾಕಿದೆ. ಹಾಕಿ ಮುಗಿಸುವಷ್ಟರಲ್ಲಿ ಕರೆ ನಿಂತಿತ್ತು. ದಿನವಿಡೀ ಬರಲಿಲ್ಲ.

ಏಪ್ರಿಲ್ 4, ಶುಕ್ರವಾರ

ನಿನ್ನೆಯೂ ಅದೇ. ಇವತ್ತೂ ಅದೇ. ಮೂರು ದಿನದಿಂದ ಆಗಿಲ್ಲ. ಇವತ್ತು ತಿಣುಕಿ ನೋಡಿದ್ದಕ್ಕೆ ಮತ್ತೆ ಉರಿ, ಮತ್ತೆ ಒಂದು ಹನಿ ರಕ್ತ. ಡಾಕ್ಟರಮ್ಮನನ್ನು ನೋಡಲು ಹತ್ತೇ ದಿನ ಉಳಿದಿದೆ.

ನಮ್ಮವಳು ತಟ್ಟೆ ಕುಕ್ಕಿದಳು. "ಬೂಸಾ ತಿಂದು, ನೀರು ಕುಡಿದು, ನಡೆದು, ಬಂದಿದ್ದನ್ನ ಬಾಗಿಲಿಂದ ವಾಪಸ್ ಕಳಿಸ್ತೀರಲ್ಲ, ಯಾವ ನ್ಯಾಯ? ಮನೆಗೆ ಮಾರಿ ಊರಿಗೆ ಉಪಕಾರಿ!"

"ಭಟ್ಟಿ ಕಾಯಲ್ಲ" ಎಂದೆ.

"ಹೊಟ್ಟೆ ಕಾಯುತ್ತಾ?"

"ಆರು ನಿಮಿಷದಲ್ಲಿ ಅರವತ್ತು ಬ್ರೆಡ್ ಒಳಗೆ ಹೋಗಬೇಕು. ಯಾವುದು ಎಲ್ಲಿ ಹೋಗಬೇಕು ಅಂತ ಇದೆ. ಸುಮ್ಮನೆ ತಳ್ಳೋದಲ್ಲ. ಯಾರು ಮಾಡ್ತಾರೆ?"

ಮಗಳು ಎದುರಿಗೆ ಕೂತಿದ್ದಳು. ಬ್ರೆಡ್ಡಿನ ಚೂರನ್ನು ಅಗಿಯುತ್ತಾ ಇದ್ದಳು. ಬಹಳ ಹೊತ್ತು ಅಗಿದಳು. ಎದ್ದು ಹೋದಳು. ಅವಳು ಯಾಕೆ ಎದ್ದು ಹೋದಳೋ ಏನೋ, ತಟ್ಟೆಯಲ್ಲಿ ಸೇಬು ಹಾಗೇ ಇತ್ತು. ಸಿಪ್ಪೆ ಸಮೇತ ನಾನೇ ತಿಂದೆ. ರುಚಿಸಲಿಲ್ಲ.

ಏಪ್ರಿಲ್ 6, ಭಾನುವಾರ

ಬೆಳಗಿನ ಕೆಲಸ ಮುಗಿಸಿ ನೇರ ಬಂದು ಬರೆಯುತ್ತಿದ್ದೇನೆ. ಮರೆಯುವ ಮುಂಚೆ ಎಲ್ಲ ಬರೆಯಬೇಕು.

ಆರಕ್ಕೆ ಭಟ್ಟಿಯ ನೆಲದ ಮೇಲೆ ಚಿಟಿಕೆ ಹಿಟ್ಟು ಎರಚಿ ನೋಡಿದೆ. ಹತ್ತು ಎಣಿಸುವಷ್ಟರಲ್ಲಿ ಹೊಂಬಣ್ಣ. ಬಿಸಿ ಸರಿಯಾಗಿದೆ. ಬ್ರೆಡ್ ಒಳಗೆ ತಳ್ಳುವ ಉದ್ದ ಹಿಡಿಯ ಹಲಗೆ ಕೈಗೆ ತೆಗೆದುಕೊಂಡೆ. ಆರೂ ಹತ್ತು. ಕರೆ ಬಂತು. ನಿನ್ನೆ ಮೊನ್ನೆಯ ಹಾಗಲ್ಲ. ನಾಲ್ಕು ದಿನದ ಬೀನ್ಸು, ಕಾಳು, ಸೇಬು, ಬೂಸಾ, ಎಂಟೆಂಟು ಲೋಟ ನೀರು, ಎಲ್ಲವೂ ಒಟ್ಟಿಗೆ ಬಂದು ಬಾಗಿಲು ಬಡಿದವು. ಹಲ್ಲು ಕಚ್ಚಿದೆ. ಒಂಟಿಕಾಲಲ್ಲಿ ನಿಂತೆ. ಮೈ ಬೆವರಿತು. ಮೊದಲ ಬ್ರೆಡ್ಡನ್ನು ಹಲಗೆಯ ಮೇಲಿಟ್ಟೆ, ಅದು ಅಂಚಿಗೆ ಜಾರಿತು.

ಆಗ ನನ್ನ ಬಾಯಿಂದ ಮಾತು ಹೊರಬಿತ್ತು. ಯೋಚಿಸಿ ಆಡಿದ್ದಲ್ಲ.

"ಪುಟ್ಟೀ, ನೀನೇ ಹಾಕು!"

ಹಲಗೆಯನ್ನು ಹಿಂದೆ ನಿಂತಿದ್ದ ಮಗಳ ಕೈಗೆ ತುರುಕಿ ಓಡಿದೆ.

ನಮ್ಮ ಟಾಯ್ಲೆಟ್ ಇರುವುದು ಭಟ್ಟಿಯ ಹಿಂದೆ. ಒಂದೇ ಗೋಡೆ. ಅದಕ್ಕೇ ಅಲ್ಲಿ ಯಾವಾಗಲೂ ಬೆಚ್ಚಗಿರುತ್ತದೆ. ಬನ್ನಿನ ತಟ್ಟೆಯ ಮೇಲೆ ಕಾಲಿಟ್ಟು ಕೂತೆ. ಹೊಟ್ಟೆ ತನ್ನ ಕೆಲಸ ತಾನು ಮಾಡಿಕೊಂಡಿತು, ನಾನು ಏನೂ ಮಾಡಬೇಕಿರಲಿಲ್ಲ. ಒಂದು ನಿಮಿಷವೂ ಹಿಡಿಯಲಿಲ್ಲ. ಎದ್ದು ಓಡಿ ಹೋಗಿ ಹಲಗೆ ವಾಪಸ್ ಇಸಿದುಕೊಳ್ಳಬಹುದಿತ್ತು.

ಏಳಬೇಕು ಎಂದುಕೊಳ್ಳುವಾಗ ಗೋಡೆಯಾಚೆಯಿಂದ ಸದ್ದು ಕೇಳಿಸಿತು. ಹಲಗೆ ಭಟ್ಟಿಯ ನೆಲದ ಮೇಲೆ ಉಜ್ಜಿ ಒಳಗೆ ಹೋಗುವ ಸದ್ದು, ಸರಕ್ಕನೆ ಹಿಂದೆ ಎಳೆಯುವ ಸದ್ದು. ಮೂವತ್ತೊಂದು ವರ್ಷ ಆ ಸದ್ದನ್ನು ನಾನು ಮಾಡಿದ್ದೇನೆಯೇ ಹೊರತು ಕೂತು ಕೇಳಿದ್ದಿಲ್ಲ. ಗೋಡೆಗೆ ಕಿವಿ ಕೊಟ್ಟೆ.

ಮೊದಲ ಬ್ರೆಡ್ ಹಿಂದಿನ ಎಡಮೂಲೆಗೆ ಹೋಯಿತು. ಅದು ನನ್ನ ತಲೆಯ ಪಕ್ಕದಲ್ಲೇ ಇರುವ ಮೂಲೆ, ತಪ್ಪುವ ಮಾತಿಲ್ಲ. ನಾನು ಉಸಿರು ಹಿಡಿದೆ. ಆ ಮೂಲೆಗೆ ಬಿಸಿ ಜಾಸ್ತಿ. ದೊಡ್ಡ ಬ್ರೆಡ್ ಅಲ್ಲಿಗೆ ಹೋಗಬೇಕು, ಸಣ್ಣದು ಹೋದರೆ ಸೀದುಹೋಗುತ್ತದೆ. ಇದನ್ನು ನಾನು ಯಾರಿಗೂ ಹೇಳಿಕೊಟ್ಟಿಲ್ಲ. ದಪ್ಪನೆ ಇಳಿದ ಸದ್ದು, ದೊಡ್ಡದೇ. ಎರಡನೆಯದೂ ಅಲ್ಲಿಗೇ. ಮೂರನೆಯದು. ನಾಲ್ಕನೆಯದು. ಹಾಗೇ ಗೋಡೆಗುಂಟ ಸಾಲು. ಒಂದು ಲಯ ಬಂತು. ನನ್ನದಕ್ಕಿಂತ ಚುರುಕು. ನಾನು ಎಣಿಸುತ್ತಾ ಹೋದೆ. ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಬಾಗಿಲು ಮುಚ್ಚಿದ ಸದ್ದು. ಐದೇ ನಿಮಿಷ.

ಎಲ್ಲ ಮುಗಿದ ಮೇಲೂ ನಾನು ಒಳಗೇ ಕೂತಿದ್ದೆ. ಕಣ್ಣು ಒದ್ದೆಯಾಗಿತ್ತು. ಹೊಟ್ಟೆ ಹಗುರಾದದ್ದಕ್ಕೆ ಇರಬೇಕು.

ಹೊರಗೆ ಬಂದಾಗ ಅವಳು ಬಾಗಿಲ ಮುಂದೆ ಹಲಗೆ ಹಿಡಿದು ನಿಂತಿದ್ದಳು. ಮುಖ ಕೆಂಪಗೆ, ಹುಬ್ಬಿನ ಮೇಲೆಲ್ಲ ಹಿಟ್ಟು.

"ಎಡಮೂಲೆಗೆ ದೊಡ್ಡದು ಅಂತ ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ಎಂಟು ವರ್ಷದಿಂದ ನಿನ್ನ ಬೆನ್ನ ಹಿಂದೆ ನಿಂತಿದ್ದೀನಲ್ಲಪ್ಪ, ನೋಡದೇ ಇರ್ತೀನಾ?"

ಬ್ರೆಡ್ ಹೊರಗೆ ಬಂದವು. ಒಂದೂ ಸೀದಿಲ್ಲ. ಒಂದೊಂದನ್ನೇ ತಿರುಗಿಸಿ ತಳ ತಟ್ಟಿ ನೋಡಿದೆ. ಎಲ್ಲವೂ ಟೊಳ್ಳು ಸದ್ದು ಕೊಟ್ಟವು, ಬೆಂದ ಬ್ರೆಡ್ಡಿನ ಸದ್ದು. ತಪ್ಪು ಹುಡುಕಲು ಬಹಳ ಪ್ರಯತ್ನಪಟ್ಟೆ.

"ಒಂದು ಸ್ವಲ್ಪ ವಾರೆ ಕೂತಿದೆ" ಎಂದೆ.

"ಅದು ನೀನು ಜಾರಿಸಿದ್ದು" ಎಂದಳು.

ನೀರು ಆಗಲೇ ಮೂರು ಲೋಟ. ಹಸಿವಾಗುತ್ತಿದೆ, ಹೋಗಿ ತಿನ್ನುತ್ತೇನೆ.

ಏಪ್ರಿಲ್ 9, ಬುಧವಾರ

ಆರೂ ಹತ್ತಕ್ಕೆ ಆಯಿತು. ನಿನ್ನೆಯೂ. ಮೊನ್ನೆಯೂ. ನಾಲ್ಕು ಚಮಚ ಬೂಸಾ. ಕಂದು ಬ್ರೆಡ್ ಇಪ್ಪತ್ತು. ಅವನ್ನು ಮೊದಲ ಬಿಸಿಗೇ ಹಾಕಿದರೆ ಹೇಗೆ ಎಂದು ಪುಟ್ಟಿಯನ್ನು ಕೇಳಿದೆ. ಬೇಡ, ಇಳಿಬಿಸಿಯೇ ಸರಿ ಎಂದಳು. ಸರಿ ಎಂದೆ.

ಬೇರೆ ವಿಶೇಷವಿಲ್ಲ.

ಏಪ್ರಿಲ್ 14, ಸೋಮವಾರ

ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಕೊನೆಯ ಹಾಳೆಯ ಮನೆಗಳನ್ನೆಲ್ಲ ಬೆರಳಿಟ್ಟು ನೋಡಿದರು. ಮಾರ್ಚ್ ಹತ್ತರ ಮನೆಯಲ್ಲಿ ನಾನು "ನಗಾರಿ" ಎಂದು ಬರೆದದ್ದನ್ನು ಓದಿ ನಗು ತಡೆದುಕೊಂಡರು. ತಡೆಯಬಾರದೆಂದು ನನಗೆ ಹೇಳಿದವರು ಅವರೇ.

"ಆಪರೇಷನ್ ಬೇಡ" ಎಂದರು. "ಆದ್ರೆ ವಾಸಿ ಆಯ್ತು ಅಂತ ಮತ್ತೆ ಹಳೇ ದಾರಿ ಹಿಡಿದ್ರೆ ನಾನು ಜವಾಬ್ದಾರಿ ಅಲ್ಲ. ಬೂಸಾ, ತರಕಾರಿ, ನೀರು, ನಡಿಗೆ, ಕರೆ ಬಂದಾಗ ಹೋಗೋದು. ಇದು ಆರು ವಾರದ್ದಲ್ಲ, ಆಯಸ್ಸು ಪೂರ್ತಿ."

ನಾನು ಕೈ ಮುಗಿದೆ. ಆಮೇಲೆ ಒಂದು ಪ್ರಶ್ನೆ ಕೇಳಿದೆ. "ಅಕಸ್ಮಾತ್ ಮುಂದೆ ಯಾವಾಗಲಾದ್ರೂ ಆಪರೇಷನ್ ಆಗಲೇಬೇಕು ಅಂದ್ರೆ, ಮೂರು ವಾರ ತಾನೇ?"

"ಮೂರು ವಾರ. ಯಾಕೆ, ಭಟ್ಟಿ ಆರಿಹೋಗುತ್ತೆ ಅಂತ ಭಯಾನಾ?"

"ಇಲ್ಲ ಮೇಡಂ, ಆರಲ್ಲ. ಪುಟ್ಟಿ ಇದ್ದಾಳಲ್ಲ."

ಡಾಕ್ಟರಮ್ಮ ಮತ್ತೆ ಮಗಳ ಕಡೆ ನೋಡಿದರು. ಮಗಳು ಮತ್ತೆ ಆ ಕರುಳಿನ ಚಿತ್ರವನ್ನೇ ನೋಡುತ್ತಿದ್ದಳು. ಈ ಸಲ ಕಣ್ಣೊರೆಸಿಕೊಳ್ಳುತ್ತಾ ನೋಡುತ್ತಿದ್ದಳು. ಅಂಥದ್ದೇನಿದೆಯೋ ಅದರಲ್ಲಿ.

ಮನೆಗೆ ಬರುವ ದಾರಿಯಲ್ಲಿ ಇಬ್ಬರೂ ಸೇತುವೆಯ ಮೇಲೆ ನಿಂತೆವು. ಅವಳು ಚೀಲದಿಂದ ಕಂದು ಬ್ರೆಡ್ಡಿನ ಎರಡು ಚೂರು ತೆಗೆದಳು. ಇಬ್ಬರೂ ತಿನ್ನತೊಡಗಿದೆವು. ಆಮೇಲೆ, ನೀರಿನ ಕಡೆ ನೋಡುತ್ತಲೇ ಕೇಳಿದಳು.

"ಅಪ್ಪ, ಈಗ ಹುಷಾರಾಯ್ತಲ್ಲ. ನಾಳೆಯಿಂದ ಬ್ರೆಡ್ ನೀನೇ ಹಾಕ್ತೀಯಾ?"

ನಾನು ಬಾಯಲ್ಲಿದ್ದದ್ದನ್ನು ಚೆನ್ನಾಗಿ ಅಗಿದು ನುಂಗಿದೆ. ಅವಸರ ಮಾಡಬಾರದಲ್ಲ.

"ನೀನೇ ಹಾಕು" ಎಂದೆ. "ನಾಳೆ ಆರೂ ಹತ್ತಕ್ಕೆ ನಂಗೆ ಬೇರೆ ಕೆಲಸ ಇದೆ."